ಸ್ವಲ್ಪ ಹಿಡ್ಕೊಳ್ರಿ ಸಾರ್

ಪಂಚಾಂಗದ ಪ್ರಕಾರ ಆಶ್ವಯುಜ ಮತ್ತು ಕಾರ್ತಿಕ ಮಾಸಗಳು ಸೇರಿ ಶರದೃತು. ಕವಿಗಳು ಆ ಋತುವಿಗೆ ತಿಳಿನೀರಿನ ಕೊಳ, ಬಿಳಿಯ ಮೋಡ, ಹಿತವಾದ ಬೆಳದಿಂಗಳು ಎಲ್ಲವನ್ನೂ ಧಾರಾಳವಾಗಿ ಹಂಚಿದ್ದಾರೆ. ಬಳ್ಳಾರಿಯ ಪಾಲಿಗೆ ಬಂದದ್ದು ಮಾತ್ರ ಬಿಸಿಲಿನ ಎರಡನೆಯ ಕಂತು. ಹಸ್ತ ಮತ್ತು ಚಿತ್ತೆ ಮಳೆಗಳು ನಡುನಡುವೆ ಬಂದು ಶಾಮಿಯಾನಗಳ ಹೊಟ್ಟೆ ತುಂಬಿಸಿ ಹೋಗುತ್ತವೆಯೇ ಹೊರತು, ಸೆಖೆಯನ್ನು ತಗ್ಗಿಸುವ ಜವಾಬ್ದಾರಿಯನ್ನು ಎಂದೂ ಹೊತ್ತುಕೊಳ್ಳುವುದಿಲ್ಲ. ಆದ್ದರಿಂದ ಋತು ಬದಲಾದುದನ್ನು ನಾವು ಆಕಾಶ ನೋಡಿ ತಿಳಿಯುವುದಿಲ್ಲ, ರಸ್ತೆ ನೋಡಿ ತಿಳಿಯುತ್ತೇವೆ. ನಿನ್ನೆ ಸಂಜೆ ಸ್ಕೂಟರಿನಲ್ಲಿ ಸಲೀಸಾಗಿ ಬಂದ ಓಣಿಯ ನಡುವೆ ಇಂದು ಬೆಳಿಗ್ಗೆ ಬಿದಿರಿನ ಗಳುಗಳು ನಿಂತಿದ್ದು, ಅವುಗಳ ಬುಡದಲ್ಲಿ ರಸೀದಿ ಪುಸ್ತಕ ಹಿಡಿದ ಹುಡುಗರು ನಗುತ್ತ ನಿಂತಿದ್ದರೆ ಹಬ್ಬಗಳ ಕಾಲ ಬಂದಿತೆಂದೇ ಅರ್ಥ.

ಈ ಊರಿನ ಹಬ್ಬಗಳ ಬಗ್ಗೆ ನನಗೆ ಇರುವ ತಕರಾರು ಒಂದೇ: ಇಲ್ಲಿ ಯಾವ ಹಬ್ಬವನ್ನೂ ಸುಮ್ಮನೆ ನೋಡಲು ಬಿಡುವುದಿಲ್ಲ. ಮೈಸೂರಿನ ದಸರೆಗೆ ಪಾಸು ಇರುತ್ತದೆ, ಕುರ್ಚಿ ಇರುತ್ತದೆ, ಆನೆ ನಡೆಯುವ ದಾರಿಗೂ ನೋಡುವವರು ಕೂರುವ ಜಾಗಕ್ಕೂ ನಡುವೆ ಒಂದು ಬೇಲಿ ಇರುತ್ತದೆ. ಬಳ್ಳಾರಿಯವರಿಗೆ ಆ ಬೇಲಿಯ ಕಲ್ಪನೆಯೇ ಇಲ್ಲ. ರಸ್ತೆಯ ಅಂಚಿನಲ್ಲಿ ಕೈಕಟ್ಟಿ ನಿಂತ ಮನುಷ್ಯನನ್ನು ಕಂಡರೆ ಅವರಿಗೆ ಕರುಳು ಚುರುಕ್ಕೆನ್ನುತ್ತದೆ. "ಸಾರ್, ಸ್ವಲ್ಪ ಇದನ್ನ ಹಿಡ್ಕೊಳ್ರಿ, ಈಗ ಬಂದೆ" ಎಂದು ಏನನ್ನಾದರೂ ಕೈಗೆ ತುರುಕುತ್ತಾರೆ. ಈಗ ಬಂದೆ ಎಂದವರು ಆ ಹಬ್ಬ ಮುಗಿಯುವವರೆಗೆ ಮತ್ತೆ ಕಣ್ಣಿಗೆ ಬಿದ್ದ ಉದಾಹರಣೆ ನನ್ನ ಅನುಭವದಲ್ಲಿ ಇಲ್ಲ.

ಗಣಪತಿಯು ಭಾದ್ರಪದದವನಾದ್ದರಿಂದ ಲೆಕ್ಕಕ್ಕೆ ವರ್ಷ ಋತುವಿಗೆ ಸೇರಬೇಕಾದವನು. ಆದರೂ ಸಾಲಿಗೆ ಮೊದಲಿಗನು ಅವನೇ ಆಗಿರುವುದರಿಂದ ಅವನನ್ನು ಬಿಟ್ಟು ಮುಂದೆ ಹೋಗುವ ಧೈರ್ಯ ನನಗಿಲ್ಲ. ದೊಡ್ಡ ಗಣಪತಿಗಳು ಟ್ರ್ಯಾಕ್ಟರ್ ಏರಿ ತುಂಗಭದ್ರಾ ಮೇಲ್ಮಟ್ಟದ ಕಾಲುವೆಯ ಕಡೆಗೆ ಹೊರಟಾಗ, ಅವುಗಳ ಮುಂದೆ ಒಬ್ಬನು ಉದ್ದನೆಯ ಗಳು ಹಿಡಿದು ನಡೆಯುತ್ತಾನೆ. ಗಳುವಿನ ತುದಿಗೆ ಅಡ್ಡಲಾಗಿ ಒಂದು ಮರದ ತುಂಡನ್ನು ಕಟ್ಟಿರುತ್ತಾರೆ. ಓಣಿಯ ಮೇಲೆ ಅಡ್ಡಾದಿಡ್ಡಿ ಹಾದುಹೋದ ಟಿವಿ ಕೇಬಲ್ಲುಗಳನ್ನೂ ಇಂಟರ್ನೆಟ್ ವೈರುಗಳನ್ನೂ ಅದರಿಂದ ಮೇಲಕ್ಕೆತ್ತಿ, ದೇವರ ಕಿರೀಟವು ಅಡಿಯಿಂದ ನುಸುಳಿ ಹೋಗುವವರೆಗೆ ಹಾಗೆಯೇ ಹಿಡಿದು ನಿಲ್ಲಬೇಕು. ಬಹಳ ಜವಾಬ್ದಾರಿಯ ಹುದ್ದೆ. ಆ ಹುದ್ದೆಯಲ್ಲಿದ್ದ ಹುಡುಗನಿಗೆ ಡಿಜೆಯ ಮುಂದೆ ಕುಣಿಯುವ ತುರ್ತು ಬಂದ ಗಳಿಗೆಯಲ್ಲಿ ನಾನು ನಮ್ಮ ಗೇಟಿನ ಬಳಿ ನಿಂತಿದ್ದೆ. ಅಲ್ಲಿಂದ ಕಾಲುವೆಯವರೆಗೆ ಕತ್ತು ಮೇಲೆತ್ತಿಕೊಂಡು ನಡೆದ ನನಗೆ ಗಣಪತಿಯ ಮುಖ ಕಾಣಲಿಲ್ಲ, ಮೆರವಣಿಗೆ ಕಾಣಲಿಲ್ಲ. ಮಹಡಿಗಳಿಂದ ಬಾಗಿ, "ಅಣ್ಣಾ, ನಮ್ಮ ವೈರು ಹುಷಾರ್ರೀ, ಮ್ಯಾಚ್ ನಡದೈತಿ!" ಎಂದು ಕೂಗುವವರ ಮುಖಗಳಷ್ಟೇ ಕಂಡವು. ಊರಿನವರ ವೈರುಗಳೆಲ್ಲ ಸುರಕ್ಷಿತವಾಗಿ ಉಳಿದವು. ನಮ್ಮ ಮನೆಯ ಇಂಟರ್ನೆಟ್ ವೈರು ಮಾತ್ರ ಮೆರವಣಿಗೆ ದಾಟಿದ ಮೇಲೆ, ಹಿಂದೆ ಬಂದ ಖಾಲಿ ಲಾರಿಯ ಕೊಕ್ಕೆಗೆ ಸಿಕ್ಕಿ ಅದರ ಜೊತೆ ಹೋಯಿತು.

ವೈರು ರಿಪೇರಿಯಾಗುವ ಹೊತ್ತಿಗೆ ನವರಾತ್ರಿ ಬಂದಿತು. ಜೊತೆಗೆ ನನ್ನ ಷಡ್ಡಕನೂ ಬಂದನು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಅವನಿಗೆ ಮನೆಯಿಂದಲೇ ಕೆಲಸ ಮಾಡುವ ಅನುಮತಿ ಸಿಕ್ಕಿತ್ತು. ರಾಜ್ಯೋತ್ಸವದವರೆಗೆ ಬಳ್ಳಾರಿಯಲ್ಲಿಯೇ ಇದ್ದು ಹಬ್ಬಗಳನ್ನೆಲ್ಲ ನೋಡುವುದು, ಆಮೇಲೆ ಹಂಪಿ ಉತ್ಸವವನ್ನು ಮುಗಿಸಿಕೊಂಡು ಊರಿಗೆ ಹಿಂದಿರುಗುವುದು ಅವನ ಯೋಜನೆ. ಫೋನಿನಲ್ಲಿ ತಾರೀಖುಗಳ ಪಟ್ಟಿ ಮಾಡಿಕೊಂಡು ಬಂದಿದ್ದನು. "ಅಣ್ಣಾ, ಎಲ್ಲಿ ನಿಂತರೆ ಚೆನ್ನಾಗಿ ಕಾಣುತ್ತೆ?" ಎಂದು ಕೇಳಿದ ಅವನ ಮುಖವನ್ನು ನೋಡಿ ನನಗೆ ಉತ್ತರಿಸಲು ಮನಸ್ಸು ಬರಲಿಲ್ಲ.

ಅವನಿಗೆ ಸಿಕ್ಕ ಮೊದಲ ಕೆಲಸವೆಂದರೆ ದೀಪ ಕಾಯುವುದು. ನಮ್ಮ ಕಡೆ ಪಾಡ್ಯದ ದಿನ ಘಟ ಹಾಕುತ್ತಾರೆ. ಎರೆಮಣ್ಣು ಹರವಿ, ಅದರಲ್ಲಿ ಜೋಳ, ಗೋಧಿ, ಹೆಸರು ಮುಂತಾದ ಕಾಳುಗಳನ್ನು ಬಿತ್ತಿ, ನಡುವೆ ಕಲಶವಿಟ್ಟು, ಪಕ್ಕದಲ್ಲಿ ನಂದಾದೀಪ ಹಚ್ಚುತ್ತಾರೆ. ಒಂಬತ್ತು ದಿನ ಆ ದೀಪ ಆರಬಾರದು. ದೀಪ ಆರಬಾರದೆಂದರೆ ಆ ಕೋಣೆಯಲ್ಲಿ ಫ್ಯಾನು ತಿರುಗಬಾರದು, ಮನೆಯಲ್ಲಿ ಒಬ್ಬರಾದರೂ ಸದಾ ಇರಬೇಕು, ಇರುವವರು ಮೈಮರೆಯಬಾರದು. ಬಳ್ಳಾರಿಯ ಸೆಖೆಯಲ್ಲಿ ಫ್ಯಾನಿಲ್ಲದೆ ಕುಳಿತು ದೀಪ ಕಾಯುವವನಿಗೆ ದೇವಿಯ ಕೃಪೆಯ ಜೊತೆಗೆ ಮೈಯ ತೂಕವೂ ಇಳಿಯುತ್ತದೆ. ಹೆಂಗಸರೆಲ್ಲ ಕನಕ ದುರ್ಗಮ್ಮನ ಗುಡಿಗೆ ಆ ದಿನದ ಅಲಂಕಾರ ನೋಡಲು ಹೋದಾಗ ನಾವಿಬ್ಬರು ಅಳಿಯಂದಿರು ಬನಿಯನ್ನಿನಲ್ಲಿ ಕುಳಿತು, ರಟ್ಟಿನ ತುಂಡಿನಿಂದ ಬೆನ್ನಿಗೆ ಮಾತ್ರ ಗಾಳಿ ಹಾಕಿಕೊಂಡು, ಜ್ವಾಲೆಯ ಕಡೆಗೆ ಉಸಿರು ಬಿಡದಂತೆ ಮಾತನಾಡುತ್ತಿದ್ದೆವು. ಅಷ್ಟರಲ್ಲಿ ದೇವರ ಕಪಾಟಿನ ಹಿಂದಿನಿಂದ ಒಂದು ಇಲಿ ಇಣುಕಿತು. ಎಣ್ಣೆ ಕುಡಿದ ಬತ್ತಿಯೆಂದರೆ ಇಲಿಗೆ ಕರಿದ ತಿಂಡಿಯೇ ಸರಿ. ಅದು ಉರಿಯುವ ಬತ್ತಿಯನ್ನು ಬಿಟ್ಟು, ಪಕ್ಕದ ತಟ್ಟೆಯಲ್ಲಿ ನೆನೆಸಿಟ್ಟಿದ್ದ ಬತ್ತಿಗಳನ್ನು ಒಂದೊಂದಾಗಿ ಎಳೆದುಕೊಂಡು ಹೋಯಿತು. ಓಡಿಸಲು ಕೈ ಬೀಸಿದರೆ ಗಾಳಿಗೆ ದೀಪ ಬಾಗುತ್ತಿತ್ತು. ಸುಮ್ಮನಿದ್ದರೆ ಬತ್ತಿ ಮುಗಿಯುತ್ತಿದ್ದವು. ಗಣಪತಿಯನ್ನು ಕಾಲುವೆಗೆ ಕಳುಹಿಸುವಾಗ ವಾಹನವನ್ನು ನಮ್ಮ ಮನೆಯಲ್ಲಿಯೇ ಬಿಟ್ಟು ಹೋಗಿದ್ದರೆಂದು ತೋರುತ್ತದೆ.

ಎದುರು ಮನೆಯಲ್ಲಿ ತೆಲುಗು ಮಾತಿನ ಹಿರಿಯರೊಬ್ಬರಿದ್ದಾರೆ. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮದ್ರಾಸ್ ರಾಜ್ಯದಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿದಾಗ ಆದೋನಿ, ಆಲೂರು, ರಾಯದುರ್ಗಗಳು ಆಂಧ್ರದ ಪಾಲಾದವು. ನಕ್ಷೆಯ ಮೇಲೆ ಗೆರೆ ಬಿದ್ದಿತೇ ಹೊರತು ನೆಂಟಸ್ತಿಕೆಯ ಮೇಲೆ ಬೀಳಲಿಲ್ಲ. ಹೀಗಾಗಿ ನಮ್ಮ ಓಣಿಯಲ್ಲಿ ನವರಾತ್ರಿಯು ಎರಡು ಭಾಷೆಗಳಲ್ಲಿ ನಡೆಯುತ್ತದೆ, ಕೆಲಸವನ್ನೂ ಎರಡು ಭಾಷೆಗಳಲ್ಲಿ ಹಚ್ಚುತ್ತಾರೆ. ಅವರ ಮನೆಯ ಬೊಮ್ಮಲ ಕೊಲುವಿಗೆ, ಎಂದರೆ ಗೊಂಬೆ ಕೂರಿಸುವುದಕ್ಕೆ, ಮೆಟ್ಟಿಲು ಕಟ್ಟಲು ಕರೆದೊಯ್ದ ಷಡ್ಡಕನು ಊಟದ ಹೊತ್ತು ಮೀರಿದರೂ ಬರದಿದ್ದಾಗ ಹೋಗಿ ನೋಡಿದೆ. ಒಂದು ಕೈಯಲ್ಲಿ ಮಣ್ಣಿನ ಶೆಟ್ಟರನ್ನೂ ಇನ್ನೊಂದು ಕೈಯಲ್ಲಿ ಶೆಟ್ಟರ ಹೆಂಡತಿಯನ್ನೂ ಹಿಡಿದು ಅವನು ನಿಂತಿದ್ದನು. ಯಾವ ಮೆಟ್ಟಿಲಿಗೆ ಇಡಬೇಕೆಂದು ಅತ್ತೆ ಸೊಸೆಯರ ನಡುವೆ ಇನ್ನೂ ತೀರ್ಮಾನವಾಗಿರಲಿಲ್ಲ.

ಆಯುಧ ಪೂಜೆಯ ದಿನ ಅವನ ಪಾಲಿಗೆ ನಿಜವಾದ ಸಂಕಷ್ಟ ಬಂದಿತು. ಜೀನ್ಸ್ ಹೊಲಿಯುವ ಊರಾದ್ದರಿಂದ ಬಳ್ಳಾರಿಯಲ್ಲಿ ಅಂದು ಓಣಿ ಓಣಿಗಳಲ್ಲಿ ಹೊಲಿಗೆ ಯಂತ್ರಗಳು ವಿಭೂತಿ, ಕುಂಕುಮ, ಚೆಂಡುಹೂವು ಧರಿಸಿ ವಿಶ್ರಾಂತಿ ಪಡೆಯುತ್ತವೆ. ಪೂಜೆಯಾದ ಆಯುಧವನ್ನು ವಿಜಯದಶಮಿಗೆ ಮುಂಚೆ ಮುಟ್ಟುವಂತಿಲ್ಲ. ಉದ್ದ ಕಡಿಮೆ ಮಾಡಲೆಂದು ಕೊಟ್ಟಿದ್ದ ನನ್ನ ಪ್ಯಾಂಟು ಸೂಜಿಯ ಕೆಳಗೆ ಅರ್ಧಕ್ಕೆ ಸಿಕ್ಕಿಕೊಂಡು, ತಾನೂ ಕುಂಕುಮ ಹಚ್ಚಿಸಿಕೊಂಡು ಕುಳಿತಿದ್ದನ್ನು ನಾನು ಕಿಟಕಿಯಿಂದ ದರ್ಶನ ಮಾಡಿ ಬಂದೆ. ಮನೆಗೆ ಬಂದರೆ ನಮ್ಮ ಅತ್ತೆಯವರು ಸ್ಕೂಟರು, ಇಳಿಗೆಮಣೆ, ಮಿಕ್ಸರುಗಳ ಸಾಲಿನಲ್ಲಿ ಷಡ್ಡಕನ ಲ್ಯಾಪ್‌ಟಾಪನ್ನೂ ಇಟ್ಟು, ಮುಚ್ಚಳ ತೆರೆದು, ಕೀಬೋರ್ಡಿನ ಒಂದೊಂದು ಸಾಲಿಗೂ ಶ್ರದ್ಧೆಯಿಂದ ಅರಿಶಿನ ಕುಂಕುಮ ಏರಿಸಿ, ಅದರ ಮೇಲೆ ಎರಡು ಬಾಳೆಹಣ್ಣು ಇಟ್ಟಿದ್ದರು. ಅಂದು ಸಂಜೆ ಅವನಿಗೆ ವಿದೇಶದವರೊಂದಿಗೆ ಮೀಟಿಂಗ್ ಇತ್ತು. "ಅಳಿಯಂದಿರ, ನಾಳೆ ಬನ್ನಿ ಮುಡಿದ ಮ್ಯಾಲೆ ತಗೀರಿ, ಅಲ್ಲೀತನ ಅದೂ ಸುಧಾರಿಸ್ಕೊಳ್ಲಿ" ಎಂದರು ಅತ್ತೆ. ಅವನು ಫೋನಿನಲ್ಲಿಯೇ ಮೀಟಿಂಗ್ ಮುಗಿಸಿದನು. ಮರುದಿನದಿಂದ ಆ ಲ್ಯಾಪ್‌ಟಾಪಿನಲ್ಲಿ ಒಂದು ಅಕ್ಷರ ಒತ್ತಿದರೆ ಎರಡು ಮೂಡುತ್ತಿದ್ದವು. ಅತ್ತೆಯವರು ಇದನ್ನು ಪೂಜೆಯ ಫಲವೆಂದೇ ಬಗೆದರು.

ವಿಜಯದಶಮಿಯ ಸಂಜೆ ಬನ್ನಿಯ ಎಲೆಯನ್ನು ಹಿರಿಯರ ಕೈಗಿಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೋಣು" ಎಂದು ನಮಸ್ಕರಿಸುವುದು ಇಲ್ಲಿನ ಪದ್ಧತಿ. ಮಾರುಕಟ್ಟೆಯ ಗದ್ದಲಕ್ಕೆ ಅಂಜಿದ ಷಡ್ಡಕನು ಬೈಪಾಸಿನ ಬದಿಯ ಖಾಲಿ ಸೈಟಿನಿಂದ ತಾನೇ ಒಂದು ಚೀಲ ತುಂಬ ಕಿತ್ತು ತಂದನು. ಸಣ್ಣ ಸಣ್ಣ ಎಲೆಗಳು, ಹಸಿರು ಕಡ್ಡಿ, ಮುಳ್ಳು, ಎಲ್ಲವೂ ಸರಿಯಾಗಿಯೇ ಇದ್ದವು. ನಮ್ಮ ಮಾವನವರು ಕನ್ನಡಕ ಏರಿಸಿ ಕಡ್ಡಿಯನ್ನು ತಿರುವಿ ನೋಡಿದರು. ಬನ್ನಿಯ ಮುಳ್ಳು ಗಿಡ್ಡ, ಕಡ್ಡಿಯ ಉದ್ದಕ್ಕೂ ಚದುರಿಕೊಂಡಿರುತ್ತದೆ. ಇದರಲ್ಲಿ ಎಲೆಯ ಬುಡಕ್ಕೊಂದು ಜೋಡಿ ಉದ್ದನೆಯ ಮುಳ್ಳುಗಳಿದ್ದವು. ಅವನು ತಂದದ್ದು ಜಾಲಿ. ನಾಡಿನ ಉಳಿದವರೆಲ್ಲ ಬಳ್ಳಾರಿ ಜಾಲಿಯೆಂದು ನಮ್ಮ ಊರಿನ ಹೆಸರನ್ನೇ ಹಚ್ಚಿ ಶಪಿಸುವ, ಅಮೆರಿಕ ಖಂಡದಿಂದ ಬಂದು ಇಲ್ಲಿ ಬೇರೂರಿದ ಗಿಡ. ಸಸ್ಯಶಾಸ್ತ್ರದವರು ಅದನ್ನೂ ಬನ್ನಿಯನ್ನೂ ಬಹುಕಾಲ ಒಂದೇ ಕುಲಕ್ಕೆ ಸೇರಿಸಿದ್ದರಾದ್ದರಿಂದ ಷಡ್ಡಕನ ಪರವಾಗಿ ವಾದಿಸಲು ಅವಕಾಶವಿತ್ತು, ಆದರೆ ಅಷ್ಟು ಹೊತ್ತಿಗೆ ಎದುರು ಮನೆಯ ಹಿರಿಯರು "ಇದಿ ಜಮ್ಮಿ ಕಾದು ನಾಯನಾ" ಎಂದು ತೆಲುಗಿನಲ್ಲಿಯೂ ತೀರ್ಪು ಕೊಟ್ಟಾಗಿತ್ತು. ಅದೇ ರಾತ್ರಿ ಗಡಿಯಾಚೆ ಹೊಳಗುಂದದ ಹತ್ತಿರದ ದೇವರಗಟ್ಟಿನಲ್ಲಿ ನಡೆಯುವ ಬನ್ನಿ ಉತ್ಸವಕ್ಕೆ ಹೋಗೋಣವೇ ಎಂದು ಅವನು ಕೇಳಿದನು. ಮಾಳ ಮಲ್ಲೇಶ್ವರನ ಉತ್ಸವಮೂರ್ತಿಗಾಗಿ ಹಳ್ಳಿಗಳವರು ಬಡಿಗೆ ಹಿಡಿದು ಬಡಿದಾಡುವ, ವರ್ಷವೂ ಎಷ್ಟೋ ಜನರ ತಲೆ ಒಡೆಯುವ ಜಾತ್ರೆ ಅದು. ಅಲ್ಲಿಯೂ ಯಾರಾದರೂ "ಸ್ವಲ್ಪ ಹಿಡ್ಕೊಳ್ರಿ ಸಾರ್" ಎಂದರೆ ಏನು ಗತಿಯೆಂದು ಯೋಚಿಸಿ ನಾನು ಸ್ಕೂಟರಿನ ಕೀಲಿಯನ್ನು ಬಚ್ಚಿಟ್ಟೆ.

ಸೀಗಿ ಹುಣ್ಣಿಮೆಗೆ ಮಾವನವರ ಊರಿಗೆ ಹೋದೆವು. ಸಿರುಗುಪ್ಪ ತಾಲ್ಲೂಕಿನ ಎರೆ ಹೊಲ. ಪೈರು ತುಂಬಿನಿಂತ ಭೂಮಿಯನ್ನು ಬಸಿರಿ ಎಂದು ತಿಳಿದು ಉಣಿಸುವ ಹಬ್ಬವಾದ್ದರಿಂದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಚಟ್ನಿ, ಕರಿಗಡುಬು, ಮೊಸರನ್ನವೆಲ್ಲ ಬುಟ್ಟಿ ಸೇರಿದ್ದವು. ಹಿಂದಿನ ರಾತ್ರಿ ಚಿತ್ತೆಗೆ ಮುಂಚಿನ ಮಳೆ ಹೊಯ್ದು ಹೋಗಿತ್ತು. ಮಳೆ ಕುಡಿದ ಎರೆಮಣ್ಣನ್ನು ತುಳಿಯದವರಿಗೆ ಅದರ ಸ್ವಭಾವವನ್ನು ವಿವರಿಸುವುದು ಕಷ್ಟ. ಮೊದಲ ಹೆಜ್ಜೆಗೆ ಚಪ್ಪಲಿಯ ಅಂಚಿಗೆ ಸ್ವಲ್ಪ ಹತ್ತುತ್ತದೆ. ಎರಡನೆಯದಕ್ಕೆ ಹತ್ತಿದ ಮಣ್ಣಿಗೆ ಮತ್ತಷ್ಟು ಮಣ್ಣು ಹತ್ತುತ್ತದೆ, ಅದಕ್ಕೆ ಹುಲ್ಲು ಹತ್ತುತ್ತದೆ, ಹುಲ್ಲಿಗೆ ಮತ್ತೆ ಮಣ್ಣು ಹತ್ತುತ್ತದೆ. ಬದುವಿನಿಂದ ಬದುವಿಗೆ ಮನುಷ್ಯನು ಗೇಣು ಗೇಣು ಎತ್ತರವಾಗುತ್ತ ಹೋಗುತ್ತಾನೆ. ಷಡ್ಡಕನು ಫೋಟೋ ತೆಗೆಯಲು ಸರಿಯಾದ ಜಾಗ ಹುಡುಕುತ್ತಿದ್ದಾಗ ಮಾವನವರು, "ಅಳಿಯಂದಿರ, ಇದೊಂದಿಷ್ಟು ಹಿಡೀರಿ" ಎಂದು ಚರಗದ ಬುಟ್ಟಿಯನ್ನು ಅವನ ತಲೆಯ ಮೇಲಿಟ್ಟರು.

ಚರಗ ಚೆಲ್ಲುವಾಗ ಮುಂದೆ ಒಬ್ಬರು ಅನ್ನವನ್ನು ಬೆಳೆಗೆ ಎರಚುತ್ತ "ಹುಲಿಗ್ಯೋ" ಎಂದು ಕೂಗುತ್ತಾರೆ, ಹಿಂದಿನವರು ದನಿಗೂಡಿಸುತ್ತಾರೆ. ಬುಟ್ಟಿ ಹೊತ್ತವನು ಹೊಲದ ನಾಲ್ಕೂ ಮಗ್ಗುಲನ್ನು ಸುತ್ತಬೇಕು. ಹತ್ತಿಯ ಸಾಲಿನ ನಡುವೆ ಷಡ್ಡಕನ ಎಡಗಾಲು ಮುಂದೆ ಬಂದಿತು, ಎಡಚಪ್ಪಲಿ ಬರಲಿಲ್ಲ. ಬಗ್ಗಿ ಎಳೆಯೋಣವೆಂದರೆ ತಲೆಯ ಮೇಲೆ ಬುಟ್ಟಿ. ಬುಟ್ಟಿ ಇಳಿಸೋಣವೆಂದರೆ ಸುತ್ತು ಮುಗಿಯದೆ ಇಳಿಸುವಂತಿಲ್ಲ. ಒಂಟಿಗಾಲಿನಲ್ಲಿ ನಿಂತ ಅವನು ಗಾಬರಿಯಿಂದ "ಅಣ್ಣೋ!" ಎಂದು ಕೂಗಿದ್ದನ್ನು ಮುಂದಿದ್ದವರು ಹುಲಿಗ್ಯೋ ಎಂದೇ ಭಾವಿಸಿ ಮತ್ತಷ್ಟು ಹುರುಪಿನಿಂದ ಕೂಗಿದರು. ಮೊಸರಿನ ಗಡಿಗೆ ವಾಲಿ ಅವನ ಕಿವಿಯ ಹಿಂದಿನಿಂದ ಅಂಗಿಯೊಳಕ್ಕೆ ಇಳಿಯಿತು. ಭೂತಾಯಿಗೆ ಆ ವರ್ಷ ಮೊಸರನ್ನದ ಜೊತೆಗೆ ಒಂದು ಚರ್ಮದ ಚಪ್ಪಲಿಯೂ ಸಂದಿತು. ಬದುವಿನ ಮೇಲೆ ಕುಳಿತು ಊಟ ಮಾಡುವಾಗ ಅವನು ಎಷ್ಟು ಕರಿಗಡುಬು ತಿಂದನೆಂದರೆ, ಅವನ ಮೇಲೆ ನನಗಿದ್ದ ಮರುಕವೆಲ್ಲ ಹೊರಟುಹೋಯಿತು.

ದೀಪಾವಳಿಯ ವಿಷಯವಾಗಿ ಹೆಚ್ಚು ಹೇಳುವುದಕ್ಕಿಲ್ಲ. ಪಾಡ್ಯದ ಬೆಳಿಗ್ಗೆ ಬಾಗಿಲಲ್ಲಿ ಸಗಣಿಯ ಪಾಂಡವರನ್ನು ಇಟ್ಟಿದ್ದರು, ಭೀಮನನ್ನು ಹಸುವೊಂದು ತುಳಿದಿತು, ಮರಳಿ ಭೀಮನನ್ನು ಮಾಡುವ ಕೆಲಸ ಯಾರಿಗೆ ಬಂದಿತೆಂದು ಓದುಗರು ಈಗಾಗಲೇ ಊಹಿಸಿರುತ್ತಾರೆ.

ಅವನ ಪಟ್ಟಿಯಲ್ಲಿ ಉಳಿದದ್ದು ಹಂಪಿ ಉತ್ಸವ. ಸಚಿವರಾಗಿದ್ದ ಎಂ.ಪಿ. ಪ್ರಕಾಶ್ ಅವರ ಮುತುವರ್ಜಿಯಿಂದ ಬೆಳೆದ ಆ ಉತ್ಸವವು ಬಹಳ ವರ್ಷ ನವೆಂಬರ್ 3ರಿಂದ 5ರವರೆಗೆ ನಡೆಯುತ್ತಿದ್ದುದು ನಿಜ. ಆದರೆ ಈಚೆಗೆ ಅದು 2024ರಲ್ಲಿ ಫೆಬ್ರವರಿಯ ಆರಂಭಕ್ಕೂ 2025ರಲ್ಲಿ ಫೆಬ್ರವರಿಯ ಕೊನೆಗೂ ಸರಿದಿದೆ. 2021ರಲ್ಲಿ ಹಂಪಿಯೂ ಬಳ್ಳಾರಿಯನ್ನು ಬಿಟ್ಟು ವಿಜಯನಗರ ಜಿಲ್ಲೆಗೆ ಸರಿದಿತ್ತು. ಹಳೆಯ ತಾರೀಖನ್ನು ನೆಚ್ಚಿ ಬಂದವನಿಗೆ ಇದನ್ನು ತಿಳಿಸಿದಾಗ ಅವನು ಬಹಳ ಹೊತ್ತು ಮಾತನಾಡಲಿಲ್ಲ. ಉತ್ಸವವಿಲ್ಲದಿದ್ದರೂ ಮಹಾನವಮಿ ದಿಬ್ಬವು ಇದ್ದ ಜಾಗದಲ್ಲಿಯೇ ಇರುತ್ತದೆ, ಅರವತ್ತು ಕಿಲೋಮೀಟರಿನ ದಾರಿ, ರಾಜ್ಯೋತ್ಸವದ ದಿನ ಬೆಳಿಗ್ಗೆಯೇ ಹೊರಡೋಣ ಎಂದು ಸಮಾಧಾನ ಹೇಳಿದೆ. ಹೊರಟೆವು ಕೂಡ. ಗಡಿಗಿ ಚನ್ನಪ್ಪ ವೃತ್ತದ ಬಳಿ ಮೆರವಣಿಗೆ ಅಡ್ಡಬಂದಿತು. ಓಣಿಯಷ್ಟು ಉದ್ದದ ಕೆಂಪು ಹಳದಿ ಬಾವುಟವನ್ನು ಎರಡೂ ಅಂಚಿನಲ್ಲಿ ಹಿಡಿದು ಜನ ನಡೆಯುತ್ತಿದ್ದರು. ನಾನು ಸ್ಕೂಟರನ್ನು ಸ್ಟ್ಯಾಂಡ್ ಹಾಕಿ ತಿರುಗಿ ನೋಡುವಷ್ಟರಲ್ಲಿ ಬಾವುಟದ ಒಂದು ಅಂಚು ಷಡ್ಡಕನ ಮುಷ್ಟಿಯಲ್ಲಿತ್ತು, ಅದನ್ನು ಕೊಟ್ಟವನು ಎಳನೀರಿನ ಗಾಡಿಯ ಕಡೆಗೆ ಓಡುತ್ತಿದ್ದನು.

ಮಧ್ಯಾಹ್ನ ಇಳಿದ ಮೇಲೆ ಫೋನ್ ಬಂದಿತು. ಯಾವುದೋ ವೇದಿಕೆಯ ಹಿಂದೆ ತನಗೆ ಒಗ್ಗರಣೆ ಮಿರ್ಚಿ ಕೊಟ್ಟಿದ್ದಾರೆಂದೂ, ಸಂಜೆಯ ಕಾರ್ಯಕ್ರಮದ ಹಾರಗಳ ಪುಟ್ಟಿಯನ್ನು ನೋಡಿಕೊಳ್ಳಲು ಹೇಳಿ ಹೋಗಿದ್ದಾರೆಂದೂ, ಅವರು ಬಂದ ಕೂಡಲೇ ಹೊರಡುವುದಾಗಿಯೂ ತಿಳಿಸಿದನು. ಆ ರಾತ್ರಿ ಅವನು ಏರಿದ್ದು ಬೆಂಗಳೂರಿಗೆ ಹೋಗುವ ಹಂಪಿ ಎಕ್ಸ್‌ಪ್ರೆಸ್. ರೈಲು ಹೊರಡುವ ಮುಂಚೆ ಕಿಟಕಿಯಿಂದ ಮುಖ ಹೊರಗಿಟ್ಟು, ಬರುವ ವರ್ಷದ ಉತ್ಸವದ ತಾರೀಖು ಗೊತ್ತಾದರೆ ತಕ್ಷಣ ತಿಳಿಸಬೇಕೆಂದು ಕೇಳಿಕೊಂಡನು. ನಾನು ಆಗಲಿ ಎಂದೆ. ಪಕ್ಕದಲ್ಲಿದ್ದ ನನ್ನ ಹೆಂಡತಿ, ಅದು ಯಾವಾಗ ಬೇಕಾದರೂ ಆಗಲಿ, ಸೀಗಿ ಹುಣ್ಣಿಮೆಗೆ ಮಾತ್ರ ತಪ್ಪದೆ ಬರಬೇಕು, ಬುಟ್ಟಿ ಹೊರುವುದಕ್ಕೆ ನಿಮ್ಮನ್ನೇ ಅಪ್ಪ ಗೊತ್ತುಮಾಡಿದ್ದಾರೆ ಎಂದಳು.