ತಲೆ ಬದಲಿಸಿದರೆ ದೇಶ ಬದಲಾಗುವುದು ಪ್ಲಾಸ್ಟಿಕ್ ಸೈನಿಕನಿಗೆ ಮಾತ್ರ

ನ್ಯೂಜಿಲೆಂಡಿನಲ್ಲಿ ಹುಟ್ಟಿದ ಆಟಗಾರರಿದ್ದಾರೆ ಅಂತ ಐರ್ಲೆಂಡಿನ ರಗ್ಬಿ ತಂಡವನ್ನು 'ನ್ಯೂಜಿಲೆಂಡಿನ ಬಿ ಟೀಮ್' ಅನ್ನುವ ತಮಾಷೆ ನನಗೆ ಸಾಕಾಗಿದೆ. ಬೇರೆ ಯಾರಾದರೂ ಹೇಳಿದ್ದರೆ ಸುಮ್ನೆ ಬಿಡುತ್ತಿದ್ದೆ. ಹೇಳುವವರು ಕಾಸರಗೋಡಿನ ಕನ್ನಡಿಗರು, ನನ್ನದೇ ಗೆಳೆಯರು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮದೊಂದು ಸಣ್ಣ ಗುಂಪು ಉಂಟು. ರಜೆ ಸಿಕ್ಕಾಗ ಬದಿಯಡ್ಕದ ಒಂದು ಮನೆಯ ಜಗಲಿಯಲ್ಲಿ ಕೂತು ಯುದ್ಧದಾಟದ ಪುಟ್ಟ ಸೈನಿಕರಿಗೆ ಬಣ್ಣ ಹಚ್ಚುತ್ತೇವೆ. 28 ಮಿಲಿಮೀಟರ್ ಅಳತೆಯ ಬೊಂಬೆಗಳು, ಕಿರುಬೆರಳಿನ ಅರ್ಧ ಉದ್ದ. ಕೋಟಿನ ಗುಂಡಿಗೆ ಬಣ್ಣ ಮುಟ್ಟಿಸುವಾಗ ಉಸಿರು ಬಿಗಿ ಹಿಡಿಯಬೇಕು. ಮಳೆಗಾಲದಲ್ಲಂತೂ ಪ್ರೈಮರ್ (ಬಣ್ಣ ಹಿಡಿಯಲು ಮೊದಲು ಹಚ್ಚುವ ಪದರ) ಸ್ಪ್ರೇ ಮುಟ್ಟುವ ಹಾಗೇ ಇಲ್ಲ. ಗಾಳಿಯ ತೇವಕ್ಕೆ ಅದು ಬೂದಿ ಉದುರಿಸಿದ ಹಾಗೆ ಒರಟಾಗಿ ಕೂರುತ್ತದೆ, ಕೆತ್ತನೆ ಎಲ್ಲ ಮುಚ್ಚಿಹೋಗುತ್ತದೆ. ಹಾಗಾಗಿ ಆಟಿ ತಿಂಗಳಲ್ಲಿ ಪ್ರೈಮರನ್ನೂ ಬ್ರಷ್‌ನಲ್ಲೇ ಹಚ್ಚುವುದು.

ಬಾಕ್ಸ್‌ಗಳು ಹೆಚ್ಚಾಗಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನವು. ಗೇಮ್ಸ್ ವರ್ಕ್‌ಶಾಪ್, ವಾರ್ಲಾರ್ಡ್, ಪೆರ್ರಿ ಅಣ್ಣತಮ್ಮಂದಿರ ಕಂಪನಿ, ಎಲ್ಲ ಆ ಊರಿನ ಸುತ್ತಮುತ್ತಲೇ. ನೇರವಾಗಿ ತರಿಸುವುದು ಕೈಗೆಟುಕುವುದಿಲ್ಲ. ಆಟಿಕೆಗಳ ಆಮದು ಸುಂಕ 2020ರ ಬಜೆಟ್‌ನಲ್ಲಿ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ಇಲ್ಲಿ ಆಟಿಕೆ ಮಾಡುವವರಿಗೆ ಅನುಕೂಲ ಆಗಲಿ ಅಂತ ಮಾಡಿದ್ದು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮಕ್ಕಳ ಕಾರಿಗೂ ದೊಡ್ಡವರ ಈ ಹವ್ಯಾಸಕ್ಕೂ ಒಂದೇ ತಕ್ಕಡಿ ಯಾಕೆ? ಹುಡುಗರಿಗೆ ನಾನು ಹೇಳುವುದು ಇಷ್ಟೇ. ಒಂದು ಬಾಕ್ಸ್ ತೆಗೆದುಕೊಳ್ಳಿ, ಅದರ ಕೊನೆಯ ಸೈನಿಕನಿಗೂ ಬಣ್ಣ ಮುಗಿಸಿ, ಆಮೇಲೆ ಇನ್ನೊಂದರ ಯೋಚನೆ ಮಾಡಿ. ಕಪಾಟಿನಲ್ಲಿ ಸೀಲ್ ಒಡೆಯದೆ ಕೂತ ಬಾಕ್ಸ್‌ಗೆ ಹಾಕಿದ ದುಡ್ಡು ದಂಡ.

ಈಗ ತಮಾಷೆಯ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಅಂತರ್ಯುದ್ಧದ ಒಂದು ಬಾಕ್ಸ್ ಉಂಟು. ಅದರಲ್ಲಿ ಉತ್ತರದ ಸೈನಿಕ, ದಕ್ಷಿಣದ ಸೈನಿಕ ಅಂತ ಬೇರೆ ಬೇರೆ ಇಲ್ಲ. ಮೈ ಒಂದೇ, ಕೋವಿ ಒಂದೇ. ಬಿಡಿಭಾಗಗಳಿರುವ ಪ್ಲಾಸ್ಟಿಕ್ ಫ್ರೇಮಿನಿಂದ ಯಾವ ಟೋಪಿಯ ತಲೆ ಕತ್ತರಿಸಿ ಅಂಟಿಸುತ್ತೀರಿ, ನೀಲಿ ಹಚ್ಚುತ್ತೀರೋ ಬೂದು ಹಚ್ಚುತ್ತೀರೋ, ಅದರ ಮೇಲೆ ಅವನ ಪಕ್ಷ. ಎರಡು ಹನಿ ಅಂಟಿನ ಕೆಲಸ. ನಮ್ಮ ಗುಂಪಿಗೆ ರಗ್ಬಿ ಹುಚ್ಚು ಹಿಡಿಸಿದವರು ದುಬೈಯಲ್ಲಿರುವ ಭಾವ, ಅಲ್ಲಿಯ ಸೆವೆನ್ಸ್ (ಏಳೇಳು ಮಂದಿಯ ರಗ್ಬಿ) ಪಂದ್ಯಗಳನ್ನು ನೋಡಿ ನೋಡಿ. ಈ ಬಾಕ್ಸ್ ತಂದುಕೊಟ್ಟವರೂ ಅವರೇ. ಅವರದ್ದೇ ಮಾತು: "ಐರ್ಲೆಂಡ್ ತಂಡವೂ ಹೀಗೇ ಮಾರಾಯ, ಮೈ ನ್ಯೂಜಿಲೆಂಡಿಂದು, ಹಸಿರು ಬಣ್ಣ ಹಚ್ಚಿದ್ದು." ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಈ ಮಾತಿಗೆ ಭಾವ ಹೆಸರು ಹೇಳುವ ಮೂವರು ಆಟಗಾರರು ಯಾರು? ಬಂಡಿ ಆಕಿ, ಜೇಮ್ಸ್ ಲೋ, ಜೇಮಿಸನ್ ಗಿಬ್ಸನ್-ಪಾರ್ಕ್. ಮೂವರೂ ಹುಟ್ಟಿದ್ದು ನ್ಯೂಜಿಲೆಂಡಿನಲ್ಲಿ, ಹೌದು. ಆಕಿ 2014ರಲ್ಲಿ ಐರ್ಲೆಂಡಿನ ಪಶ್ಚಿಮ ತುದಿಯ ಕೊನಾಕ್ಟ್ ತಂಡಕ್ಕೆ ಹೋದರು, ದೇಶಕ್ಕೆ ಆಡಿದ್ದು 2017ರ ಕೊನೆಗೆ. ಆಗ ನಿಯಮ ಮೂರು ವರ್ಷದ ವಾಸ. ಈಗ ಅದು ಸತತ ಐದು ವರ್ಷ. ಇಲ್ಲದಿದ್ದರೆ ಅಪ್ಪ ಅಮ್ಮನೋ ಅಜ್ಜ ಅಜ್ಜಿಯೋ ಆ ದೇಶದಲ್ಲಿ ಹುಟ್ಟಿರಬೇಕು. 2000ದಲ್ಲಿ ವೇಲ್ಸ್, ಸ್ಕಾಟ್ಲೆಂಡ್ ತಂಡಗಳಲ್ಲಿ ಇಲ್ಲದ ನಂಟಿನ ಲೆಕ್ಕದಲ್ಲಿ ಆಡಿದವರು ಸಿಕ್ಕಿಬಿದ್ದರು. ಅದು ಮೋಸ, ಅದನ್ನು ಬೈಯಿರಿ. ಆದರೆ ವರ್ಷಗಟ್ಟಲೆ ಅಲ್ಲೇ ಬದುಕಿ, ಅಲ್ಲಿಯ ಚಳಿ ಮಳೆಯಲ್ಲಿ ಮೈ ಮುರಿದು ಆಡಿದವನು ಬಣ್ಣ ಹಚ್ಚಿದ ಬೊಂಬೆಯಾ? 2023ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಐರ್ಲೆಂಡ್ 28-24ರಲ್ಲಿ ನ್ಯೂಜಿಲೆಂಡಿಗೆ ಸೋತಿತು. ಆ ಪಂದ್ಯದಲ್ಲಿ ನ್ಯೂಜಿಲೆಂಡಿನ ವಿರುದ್ಧ ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತಿ ಗಳಿಸುವ ಐದು ಅಂಕ) ಹಾಕಿದವರಲ್ಲಿ ಆಕಿ ಒಬ್ಬರು, ಗಿಬ್ಸನ್-ಪಾರ್ಕ್ ಇನ್ನೊಬ್ಬರು. ಹುಟ್ಟಿದ ನೆಲದ ತಂಡದ ಎದುರು ಹೀಗೆ ಆಡಿದವರ ನಿಷ್ಠೆ ಕೇಳುವುದಕ್ಕೆ ನಾವು ಯಾರು?

ಜಪಾನಿನ ಕಥೆ ಇನ್ನೂ ಚೆಂದ. ಮೈಕಲ್ ಲೀಚ್ ಹುಟ್ಟಿದ್ದು ಕ್ರೈಸ್ಟ್‌ಚರ್ಚ್‌ನಲ್ಲಿ, ತಾಯಿ ಫಿಜಿಯವರು. 15ನೇ ವಯಸ್ಸಿಗೆ ಓದಲು ಸಪ್ಪೊರೊಗೆ ಹೋದ ಹುಡುಗ ಮುಂದೆ ಜಪಾನಿನ ನಾಯಕನಾದ. 2015ರ ವಿಶ್ವಕಪ್, ಬ್ರೈಟನ್‌ನಲ್ಲಿ ದಕ್ಷಿಣ ಆಫ್ರಿಕದ ಎದುರು ಪಂದ್ಯ. ಕೊನೆಗಳಿಗೆ, ಅಂಕ 29-32. ಪೆನಾಲ್ಟಿ ಒದ್ದರೆ ಮೂರು ಅಂಕ, ಪಂದ್ಯ ಸಮ. ಅಷ್ಟೇ ಸಿಕ್ಕಿದ್ದರೂ ಜಪಾನಿಗೆ ಹಬ್ಬ. ಲೀಚ್ ಒದೆಯುವುದು ಬೇಡ ಅಂದರು. ಸ್ಕ್ರಮ್ (ಎರಡೂ ತಂಡದವರು ಹೆಗಲು ಕೊಟ್ಟು ತಳ್ಳಾಡಿ ಚೆಂಡು ಹಿಡಿಯುವುದು) ಕೇಳಿದರು, ಗೆಲ್ಲುವುದಕ್ಕೇ ಹೋದರು. 34-32. ಗೆಲುವಿನ ಟ್ರೈ ಹಾಕಿದ ಕಾರ್ನೆ ಹೆಸ್ಕೆತ್ ಕೂಡ ನ್ಯೂಜಿಲೆಂಡಿನಲ್ಲಿ ಹುಟ್ಟಿದವರೇ. ಆ ದಿನ ಕಣ್ಣೀರಿಟ್ಟ ಜಪಾನೀಯರಿಗೆ ಇವರು ಎಲ್ಲಿಯವರು ಅನ್ನುವ ಅನುಮಾನ ಇತ್ತು ಅಂತ ನಾನು ನಂಬುವುದಿಲ್ಲ.

ನಮ್ಮವರಿಗೆ ಮಾತ್ರ ಇದು ಯಾಕೆ ಹೊಳೆಯುವುದಿಲ್ಲ? 1956ರ ಅಕ್ಟೋಬರ್ 31ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯವರು, ಮರುದಿನ ಕೇರಳದವರು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಅಂತ ಬರೆಯಿತು, ಬರೆದದ್ದು ಬರೆದ ಹಾಗೇ ಉಳಿಯಿತು. ಬೆಂಗಳೂರಿಗೆ ಹೋದರೆ "ನೀವು ಕೇರಳದವರಲ್ವಾ, ಕನ್ನಡ ಚೆನ್ನಾಗಿ ಮಾತಾಡ್ತೀರಿ" ಅನ್ನುತ್ತಾರೆ. ತಿರುವನಂತಪುರದಲ್ಲಿ "ಕರ್ನಾಟಕದವರಾ" ಅಂತ ಕೇಳುತ್ತಾರೆ. ಎರಡೂ ಕಡೆ ಈ ಪ್ರಶ್ನೆ ತಿಂದು ತಿಂದು ಬೆಳೆದ ನಾವು, ಆಕ್ಲೆಂಡಿನಲ್ಲಿ ಹುಟ್ಟಿ ಐರ್ಲೆಂಡಿನಲ್ಲಿ ಬದುಕು ಕಟ್ಟಿಕೊಂಡವನಿಗೆ ಅದೇ ಪ್ರಶ್ನೆ ಹಾಕುವುದಾ?

ಐರ್ಲೆಂಡಿನ ವಿಷಯದಲ್ಲಂತೂ ನಮಗೆ ಹೊಟ್ಟೆಕಿಚ್ಚಾಗಬೇಕು. ಅಲ್ಲಿ ದೇಶ ಎರಡಾಗಿ ನೂರು ವರ್ಷ ಕಳೆಯಿತು. ಫುಟ್‌ಬಾಲ್‌ಗೆ ಎರಡು ತಂಡ. ರಗ್ಬಿಗೆ ಮಾತ್ರ ಇವತ್ತಿಗೂ ಒಂದೇ. ಬೆಲ್‌ಫಾಸ್ಟಿನವನೂ ಡಬ್ಲಿನ್ನಿನವನೂ ಒಂದೇ ಅಂಗಿ ತೊಡುತ್ತಾರೆ. ಯಾರ ರಾಷ್ಟ್ರಗೀತೆ ಹಾಡುವುದು ಅನ್ನುವ ಜಗಳ ಬೇಡ ಅಂತ 1995ರಲ್ಲಿ ತಂಡಕ್ಕೇ ಒಂದು ಹಾಡು ಬರೆಸಿಕೊಂಡರು. ಗಡಿಯಲ್ಲಿ ಬದುಕುವವರಿಗೆ ಇದಕ್ಕಿಂತ ಚೆಂದದ ತಂಡ ಇನ್ನೊಂದು ಉಂಟಾ?

ಇನ್ನು ನಮ್ಮ ಮನೆ ಲೆಕ್ಕ. ಅನಿಲ್ ಕುಂಬ್ಳೆ ಹುಟ್ಟಿದ್ದು ಬೆಂಗಳೂರಿನಲ್ಲಿ. ಹಿರಿಯರ ಊರು ನಮ್ಮ ಕುಂಬಳೆ ಅಂತ ಅವರನ್ನು ನಾವು ಧಾರಾಳವಾಗಿ ನಮ್ಮವರು ಮಾಡಿಕೊಂಡಿದ್ದೇವೆ. ಹಾಗೆಯೇ ತಳಂಗರೆಯ ಮೊಹಮ್ಮದ್ ಅಜರುದ್ದೀನ್, ಭಾರತದ ಮಾಜಿ ನಾಯಕ ಅಲ್ಲ, ಕೇರಳದ ವಿಕೆಟ್‌ಕೀಪರ್. 2025ರ ರಣಜಿ ಸೆಮಿಫೈನಲ್‌ನಲ್ಲಿ ಗುಜರಾತಿನ ಎದುರು ಔಟಾಗದೆ 177 ಹೊಡೆದರು. ಮೊದಲ ಇನಿಂಗ್ಸಿನ ಎರಡೇ ಎರಡು ರನ್ ಮುನ್ನಡೆಯಲ್ಲಿ ಕೇರಳ ಮೊದಲ ಸಲ ಫೈನಲ್ ಮುಟ್ಟಿತು. "ಕೇರಳ ಗೆದ್ದರೆ ನಮಗೆಂತ" ಅಂದ ಕನ್ನಡಿಗರೂ ಇದ್ದರು. ನಾನು ಕುಣಿದಿದ್ದೆ. ನಮ್ಮ ಕಾಸರಗೋಡಿನ ಹುಡುಗ ಮಾರ್ರೆ!

ಒಂದು ವಿಷಯದಲ್ಲಿ ಭಾವನ ಸಿಟ್ಟು ನನ್ನದೂ ಹೌದು. ಸಮೋವಾ, ಟೊಂಗಾ, ಫಿಜಿಯ ಹುಡುಗರು ದುಡ್ಡಿರುವ ದೇಶಗಳ ಪಾಲಾಗುವುದು. ಜೋ ರೊಕೊಕೊಕೊ, ಸಿಟಿವೆನಿ ಸಿವಿವಾಟು ಇಬ್ಬರೂ ಫಿಜಿಯಲ್ಲಿ ಹುಟ್ಟಿ ನ್ಯೂಜಿಲೆಂಡಿನ ಕಪ್ಪು ಅಂಗಿ ತೊಟ್ಟರು. ಅಲ್ಲಿಯೂ ತಪ್ಪು ಆಟಗಾರನದ್ದಲ್ಲ. ದ್ವೀಪಗಳಿಗೆ ಸಾಕಷ್ಟು ಪಂದ್ಯ ಕೊಡದ, ದುಡ್ಡು ಹಂಚದ ವ್ಯವಸ್ಥೆಯದ್ದು. 2022ರಿಂದ ಒಂದು ಒಳ್ಳೆಯ ನಿಯಮ ಬಂತು. ಮೂರು ವರ್ಷ ಅಂತಾರಾಷ್ಟ್ರೀಯ ಪಂದ್ಯ ಆಡದೆ ಇದ್ದರೆ, ಹುಟ್ಟಿದ ಅಥವಾ ಅಪ್ಪ ಅಮ್ಮ, ಅಜ್ಜ ಅಜ್ಜಿ ಹುಟ್ಟಿದ ದೇಶಕ್ಕೆ ಒಂದು ಸಲ ಬದಲಾಗಬಹುದು. ಮಲಕಾಯ್ ಫೆಕಿಟೋವಾ, ಚಾರ್ಲ್ಸ್ ಪ್ಯುಟಾವ್ ಹೀಗೇ ನ್ಯೂಜಿಲೆಂಡ್ ಬಿಟ್ಟು ಟೊಂಗಾಕ್ಕೆ ಆಡಿದರು. 2027ರಲ್ಲಿ ಆಸ್ಟ್ರೇಲಿಯಾದ ವಿಶ್ವಕಪ್‌ಗೆ 20ರ ಬದಲು 24 ತಂಡ. ಬರೀ ತಂಡ ಜಾಸ್ತಿ ಮಾಡಿದರೆ ಸಾಲದು, ದ್ವೀಪದವರ ಮಂಡಳಿಗಳಿಗೆ ಸಿಗುವ ಪಾಲೂ ಜಾಸ್ತಿ ಆಗಬೇಕು. ಭಾವ, ನೀವು ಗಲಾಟೆ ಮಾಡುವುದಾದರೆ ಇದಕ್ಕೆ ಮಾಡಿ, ನಾನೂ ಸೇರುತ್ತೇನೆ.