ಸೋತ ಮೇಲಿನ ಮಾಗಿ ಉಳುಮೆ

2024ರ ಫೆಬ್ರವರಿ ಕೊನೇಲಿ ಬರೀತಿದೀನಿ, ಎರಡು ವಾರ ಆಯ್ತು, ಆ ಟಾಸು ಇನ್ನೂ ತಲೆಯಿಂದ ಹೋಗಿಲ್ಲ. ಫೆಬ್ರವರಿ 11, ಭಾನುವಾರ, ಲಾಸ್ ವೇಗಸ್‌ನಲ್ಲಿ ಸೂಪರ್ ಬೌಲು, ಅಂದ್ರೆ ಅಮೆರಿಕನ್ ಫುಟ್‌ಬಾಲ್ ಲೀಗಿನ ಫೈನಲ್ಲು. ನಮ್ಮ ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ಕ್ಯಾನ್ಸಸ್ ಸಿಟಿ ಚೀಫ್ಸ್ ಎದುರು 25-22ಕ್ಕೆ ಸೋತ್ರು, ಅದೂ ಓವರ್‌ಟೈಮ್‌ನಲ್ಲಿ (ಟೈ ಆದ್ಮೇಲಿನ ಹೆಚ್ಚುವರಿ ಆಟ), ಗಡಿಯಾರದಲ್ಲಿ ಇನ್ನ 3 ಸೆಕೆಂಡ್ ಉಳಿದಿದ್ದಾಗ. 2020ರ ಫೆಬ್ರವರಿಲೂ ಇದೇ ಚೀಫ್ಸು, 20-10 ಮುಂದಿದ್ದು 31-20ಕ್ಕೆ ಸೋತಿದ್ವಿ. ಕಪ್ ಗೆದ್ದಿದ್ದು ಕೊನೇ ಸಲ 1995ರ ಜನವರಿಲಿ, ಆಗ ನಾನು ಬಂಗಾರಪೇಟೆ ಪಕ್ಕದ ಹಳ್ಳೀಲಿ ಮೂರನೇ ಕ್ಲಾಸು.

ಹಳ್ಳಿಯಿಂದ ಬಂದೋನಿಗೆ ಈ ಟೀಮು ಹೆಂಗಪ್ಪಾ "ನಮ್ಮದು" ಆಯ್ತು ಅಂತ ಊರಿಗೆ ಹೋದಾಗೆಲ್ಲ ಕೇಳ್ತಾರೆ. ಫಾರ್ಟಿನೈನರ್ಸ್ ಅಂದ್ರೆ 1849ರಲ್ಲಿ ಚಿನ್ನ ಹುಡ್ಕೊಂಡು ಕ್ಯಾಲಿಫೋರ್ನಿಯಾಗೆ ಬಂದ ಜನ. ನಮ್ಮ ತಾತ ಕೆಜಿಎಫ್ ಗಣೀಲಿ ಕೆಲಸ ಮಾಡ್ದೋರು, 2001ರಲ್ಲಿ ಗಣಿ ಮುಚ್ಚಿದಾಗ ನಮ್ಮ ಬೀದೀಲಿ ಎಷ್ಟು ಮನೆ ಬೀಗ ಹಾಕ್ಕೊಂಡು ಬೆಂಗಳೂರು ಸೇರ್ತು ಅಂತ ಕಣ್ಣಾರೆ ನೋಡಿದೀನಿ. ಹದಿಮೂರು ವರ್ಷದ ಹಿಂದೆ ಇಲ್ಲಿಗೆ ಬಂದಾಗ ಯಾರೋ ಆ ಹೆಸರಿನ ಅರ್ಥ ಹೇಳಿದ್ರು, ಅಷ್ಟೇ ಸಾಕಾಯ್ತು. ಈಗ ಅವರ ಸ್ಟೇಡಿಯಮ್ಮು ನಮ್ಮನೆಯಿಂದ ಕಾರಲ್ಲಿ ಇಪ್ಪತ್ತು ನಿಮಿಷ, ಸ್ಯಾಂಟಾ ಕ್ಲಾರಾದಲ್ಲಿ.

ಆಟ ಗೊತ್ತಿಲ್ದೋರಿಗೆ ಇಷ್ಟು ಹೇಳ್ತೀನಿ, ಇದು ಕಾಲಲ್ಲಿ ಒದೆಯೋ ಫುಟ್‌ಬಾಲ್ ಅಲ್ಲ, ನಾಲ್ಕು ಸಲದೊಳಗೆ ಹತ್ತು ಗಜ ಮುಂದೆ ಹೋಗ್ಬೇಕು, ಹೋದ್ರೆ ಮತ್ತೆ ನಾಲ್ಕು ಅವಕಾಶ, ಇಲ್ದಿದ್ರೆ ಚೆಂಡು ಎದುರಾಳಿಗೆ. ನಮ್ಮಪ್ಪ ರಿಟೈರ್ಡ್ ಪಿ.ಟಿ. ಮೇಷ್ಟ್ರು, ತಾಲ್ಲೂಕು ಮಟ್ಟದಲ್ಲಿ ಕಬಡ್ಡಿ ಅಂಪೈರಿಂಗ್ ಮಾಡ್ದೋರು, ಅವರಿಗೆ ಹೇಳಿದ್ ಐದು ನಿಮಿಷಕ್ಕೇ ಹತ್ತಿಬಿಡ್ತು, "ಓ, ಗೆರೆ ಮುಟ್ಟೋ ಆಟ" ಅಂದ್ರು.

ಮ್ಯಾಚು ಹೆಂಗಿತ್ತು ಅಂದ್ರೆ, ಗೆಲ್ಲೋಕೆ ಬೇಕಾದ್ದೆಲ್ಲ ನಮ್ಮ ಕೈಲಿತ್ತು. 10-0 ಮುಂದಿದ್ವಿ. ಜುವಾನ್ ಜೆನಿಂಗ್ಸ್ ಅನ್ನೋ ಚೆಂಡು ಹಿಡಿಯೋ ಆಟಗಾರ ತಾನೇ ಎಸೆದು ಮೆಕ್ಯಾಫ್ರೀಗೆ ಟಚ್‌ಡೌನ್ (ಚೆಂಡನ್ನ ಎದುರಾಳಿಯ ಕೊನೇ ಗೆರೆ ದಾಟಿಸೋದು, ಆರು ಪಾಯಿಂಟು) ಮಾಡಿಸ್ದ, ಆಮೇಲೆ ತಾನೂ ಒಂದು ಹಿಡ್ದ. ನಮ್ಮ ಜೇಕ್ ಮೂಡಿ 55 ಗಜದಿಂದ ಚೆಂಡನ್ನ ಕಂಬಗಳ ಮಧ್ಯೆ ಒದ್ದು (ಇದೇ ಫೀಲ್ಡ್ ಗೋಲು, ಮೂರು ಪಾಯಿಂಟು) ಸೂಪರ್ ಬೌಲ್ ದಾಖಲೆ ಮಾಡ್ದ, ಸ್ವಲ್ಪ ಹೊತ್ತಿಗೇ ಅವರ ಬಟ್ಕರ್ 57 ಗಜದಿಂದ ಒದ್ದು ಅದನ್ನ ಮುರ್ದ. ಮಧ್ಯದಲ್ಲಿ ಸಣ್ಣ ಸಣ್ಣ ತೂತು ಬಿದ್ವು: ಅವರು ಪಂಟ್ ಮಾಡಿದ, ಅಂದ್ರೆ ದೂರ ಒದ್ದು ನಮಗೆ ಬಿಟ್ಟುಕೊಟ್ಟ, ಚೆಂಡು ನಮ್ಮೋನ ಕಾಲಿಗೆ ತಾಗಿ ಅವರ ಪಾಲಾಯ್ತು, ಮುಂದಿನ ಎಸೆತಕ್ಕೇ ಟಚ್‌ಡೌನ್. ನಾವು ಟಚ್‌ಡೌನ್ ಹೊಡೆದ ಮೇಲಿನ ಆ ಒಂದು ಪಾಯಿಂಟಿನ ಒದೆತಕ್ಕೆ ಅವರೋನು ಕೈ ಅಡ್ಡ ಕೊಟ್ಟ. ಆ ಒಂದು ಪಾಯಿಂಟ್ ಇದ್ದಿದ್ರೆ ಕೊನೇಲಿ 19-19 ಟೈ ಆಗೋ ಜಾಗದಲ್ಲಿ ನಾವೇ ಒಂದು ಮುಂದೆ ಇರ್ತಿದ್ವೇನೋ, ಈ ಲೆಕ್ಕ ದಿನಾ ರಾತ್ರಿ ಹಾಕ್ತಿದೀನಿ.

ಇವೆಲ್ಲಕ್ಕಿಂತ ನಂಗೆ ಸಂಕಟ ಆಗಿದ್ದು ನಮ್ಮ ಡಿಫೆನ್ಸಿನ ಆಟಗಾರ ಡ್ರೇ ಗ್ರೀನ್‌ಲಾ. ಯಾರೂ ಮುಟ್ಟಿಲ್ಲ, ಯಾರ ಜೊತೆಗೂ ಡಿಕ್ಕಿ ಆಗಿಲ್ಲ, ಸೈಡ್‌ಲೈನಿಂದ ಮೈದಾನಕ್ಕೆ ಓಡಿ ಹೋಗ್ತಿದ್ದಂಗೇ ಹಿಮ್ಮಡಿಯ ನರ ಕಿತ್ತೋಯ್ತು. ಅಂಥಾ ಆಟಗಾರ ಎರಡನೇ ಕ್ವಾರ್ಟರಿನಲ್ಲೇ ಗಾಡಿ ಮೇಲೆ ಕೂತು ಒಳಗೆ ಹೋಗಿದ್ದನ್ನ ನೋಡ್ದಾಗ ನಮ್ಮನೆ ಹಾಲ್‌ನಲ್ಲಿ ಹನ್ನೆರಡು ಜನ ಇದ್ವಿ, ಒಬ್ರೂ ಮಾತಾಡ್ಲಿಲ್ಲ, ನಮ್ಮನೆಯವ್ರು ತಂದಿಟ್ಟ ಬಿಸಿ ಬೋಂಡ ಹಂಗೇ ಆರಿಹೋಯ್ತು.

ಈಗ ಟಾಸಿನ ವಿಷಯ. ಮೊದಲೆಲ್ಲ ಓವರ್‌ಟೈಮಲ್ಲಿ ಯಾರು ಮೊದಲು ಟಚ್‌ಡೌನ್ ಹೊಡೀತಾರೋ ಅಲ್ಲಿಗೆ ಆಟ ಮುಗೀತು. 2022ರ ಜನವರೀಲಿ ಬಫಲೋ ಬಿಲ್ಸ್ ಹಂಗೇ ಇದೇ ಚೀಫ್ಸ್‌ಗೆ ಸೋತ್ರು, ಓವರ್‌ಟೈಮಲ್ಲಿ ಬಿಲ್ಸ್‌ಗೆ ಚೆಂಡು ಮುಟ್ಟೋಕೂ ಸಿಗ್ಲಿಲ್ಲ. ದೊಡ್ಡ ಗಲಾಟೆ ಆಗಿ, ಪ್ಲೇಆಫ್‌ನಲ್ಲಿ ಎರಡೂ ಟೀಮಿಗೆ ಒಂದೊಂದು ಅವಕಾಶ ಸಿಗ್ಲೇಬೇಕು ಅಂತ ರೂಲು ಬದಲಾಯ್ಸಿದ್ರು. ಆ ಹೊಸ ರೂಲು ಬಳಕೆಗೆ ಬಂದಿದ್ದೇ ಮೊದಲ ಸಲ ಈ ಮ್ಯಾಚಲ್ಲಿ. ನಾವು ಟಾಸ್ ಗೆದ್ವಿ, ಚೆಂಡು ನಮಗೇ ಕೊಡಿ ಅಂದ್ವಿ. ಹೊಸ ರೂಲಿನಲ್ಲಿ ಎರಡನೇದಾಗಿ ಆಡೋನಿಗೆ ಏನು ಅನುಕೂಲ ಅಂದ್ರೆ, ಎಷ್ಟು ಬೇಕು ಅಂತ ಅವನಿಗೆ ಗೊತ್ತಿರುತ್ತೆ, ಚೇಸ್ ಮಾಡೋ ಥರ. ನಾವು ಅವರ ಗೆರೆಯಿಂದ 9 ಗಜದ ತನಕ ಹೋದ್ವಿ, ಅಲ್ಲಿ ಅವರ ಡಿಫೆನ್ಸಿನ ಕ್ರಿಸ್ ಜೋನ್ಸ್‌ನ ತಡೀಬೇಕಾದೋರು ತಡೀಲಿಲ್ಲ, ನಮ್ಮ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯೋ ಮುಖ್ಯ ಆಟಗಾರ) ಪರ್ಡಿ ಅವಸರದಲ್ಲಿ ಎಸ್ದ, ಫೀಲ್ಡ್ ಗೋಲಿಗೆ ಮೂರೇ ಪಾಯಿಂಟು. ಅವರು ಬಂದ್ರು, ನಾಲ್ಕನೇ ಅವಕಾಶದಲ್ಲಿ ಒಂದು ಗಜ ಬೇಕಿತ್ತು, ಅವರ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ ತಾನೇ ಚೆಂಡು ಹಿಡ್ಕೊಂಡು 8 ಗಜ ಓಡ್ದ, ಅಲ್ಲೇ ನಂಗೆ ಗೊತ್ತಾಗೋಯ್ತು.

ಸೋತಿದ್ದಕ್ಕಿಂತ ನೋವು ಆಮೇಲೆ ಬಂತು. ಮ್ಯಾಚ್ ಮುಗಿದ ಮೇಲೆ ನಮ್ಮ ಆಟಗಾರರಲ್ಲೇ ಕೆಲವರು, ಆರ್ಮ್‌ಸ್ಟೆಡ್, ಯೂಸ್ಚೆಕ್ ಅಂಥಾ ಹಳೇ ಹುಲಿಗಳು, ಈ ಹೊಸ ರೂಲು ನಮಗೆ ಗೊತ್ತೇ ಇರ್ಲಿಲ್ಲ ಅಂದ್ರು. ಆ ಕಡೆ ಚೀಫ್ಸ್ ಆಟಗಾರರು ಟ್ರೇನಿಂಗ್ ಕ್ಯಾಂಪಿನಿಂದಲೇ ಇದನ್ನ ಮಾತಾಡ್ಕೊಂಡು ಬಂದಿದ್ವಿ ಅಂದ್ರು. ಕೋಚ್ ಶಾನಹ್ಯಾನ್ ಕೊಟ್ಟ ಕಾರಣ ತೀರಾ ತಳ್ಳಿಹಾಕೋದಲ್ಲ, ಎರಡೂ ಟೀಮು ಸಮ ಆದ್ರೆ ಮೂರನೇ ಸಲ ಚೆಂಡು ನಮಗೆ ಬರ್ಲಿ ಅಂತ ಅವರ ಲೆಕ್ಕ. ಆದ್ರೆ ಆ ಲೆಕ್ಕ ಕೋಚ್ ತಲೇಲಿದ್ದು ಆಡೋ ಹುಡುಗರ ತಲೇಲಿ ಇಲ್ಲಾಂದ್ರೆ ಏನು ಪ್ರಯೋಜನ?

ಅಪ್ಪನಿಗೆ ಫೋನ್ ಮಾಡಿ ಹೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ರು.

"ರೂಲೇ ಗೊತ್ತಿಲ್ದೆ ಅಂಕಣಕ್ಕೆ ಇಳಿದ್ರಾ?"

"ಹೂಂ ಅಪ್ಪ, ಕೆಲವರು."

"ಹುಡುಗರ ತಪ್ಪಲ್ಲ ಕಣೋ ಅದು. ನಾನು ಸ್ಕೂಲ್ ಟೀಮ್ ಕರ್ಕೊಂಡು ಹೋಗೋವಾಗ ಬಸ್ಸಲ್ಲೇ ಕೇಳ್ತಿದ್ದೆ, ಟೈ ಆದ್ರೆ ಏನು, ಬೋನಸ್ ಗೆರೆ ಎಷ್ಟು ಜನ ಇದ್ರೆ ಲೆಕ್ಕ ಅಂತ. ಹೇಳ್ಲಿಲ್ಲ ಅಂದ್ರೆ ಇಳಿಸ್ತಾನೇ ಇರ್ಲಿಲ್ಲ."

ಇದನ್ನ ಕೇಳಿದ ಮೇಲೆ ನಂಗೆ ಆಫ್‌ಸೀಸನ್ ಅನ್ನೋ ಪದಕ್ಕೆ ಕನ್ನಡದಲ್ಲಿ ಸರಿಯಾದ ಮಾತು ಸಿಕ್ತು. ಮಾಗಿ ಉಳುಮೆ. ಬೆಳೆ ಕುಯ್ದ ಮೇಲೆ, ಹೊಲ ಖಾಲಿ ಬಿದ್ದಿದೆ ಅನ್ನೋವಾಗಲೇ, ಮುಂದಿನ ಮಳೆಗೆ ಅಂತ ಉತ್ತು ಬಿಡೋದು. ಫೆಬ್ರವರಿಯಿಂದ ಸೆಪ್ಟೆಂಬರ್ ತನಕ ಇಲ್ಲಿ ಆಟ ಇಲ್ಲ, ಆದ್ರೆ ಫೆಬ್ರವರೀಲಿ ನಾವು ಸೋತ ಆ ಓವರ್‌ಟೈಮನ್ನ ಚೀಫ್ಸ್ ಹೋದ ವರ್ಷ ಜುಲೈ-ಆಗಸ್ಟ್ ಬಿಸಿಲಲ್ಲೇ ಉತ್ತಿದ್ರು.

ಇಲ್ಲಿ ಇದ್ದು ನಾನು ಮೆಚ್ಚಿದ ಒಂದು ಪದ್ಧತಿ ಇದೆ. ಸೀಸನ್ ಮುಗಿದ ಒಂದೆರಡು ದಿನಕ್ಕೆ ಆಟಗಾರರು ಲಾಕರ್ ಖಾಲಿ ಮಾಡೋಕೆ ಬರ್ತಾರೆ, ಶೂಸು ಬಟ್ಟೆ ಎಲ್ಲ ದೊಡ್ಡ ಚೀಲಕ್ಕೆ ತುಂಬ್ಕೋತಾ ಇರ್ತಾರೆ, ಪತ್ರಕರ್ತರು ಎದುರಿಗೆ ನಿಂತಿರ್ತಾರೆ, ಕಣ್ಣು ಕೆಂಪಗಿದ್ರೂ ಉತ್ತರ ಹೇಳ್ತಾರೆ. ರೂಲ್ ಗೊತ್ತಿರ್ಲಿಲ್ಲ ಅನ್ನೋ ಮಾತು ಹೊರಗೆ ಬಂದಿದ್ದೂ ಇಂಥಾ ಬಿಚ್ಚು ಮಾತಿನಿಂದಲೇ. ನಮ್ಮ ಕಡೆ ಹೆಂಗಿದೆ? 2016ರ ಮೇ 29, ಚಿನ್ನಸ್ವಾಮೀಲಿ ಐಪಿಎಲ್ ಫೈನಲ್, ನಮ್ಮ ಆರ್‌ಸಿಬಿಗೆ 209 ಬೇಕು, ಗೇಲ್-ಕೊಹ್ಲಿ ಮೊದಲ ವಿಕೆಟ್ಟಿಗೇ 114, ಆಮೇಲೆ 8 ರನ್ನಿಂದ ಸೋಲು. ಆ ವರ್ಷ ಕೊಹ್ಲಿ ಒಬ್ರೇ 973 ರನ್ ಹೊಡ್ದಿದ್ರು. ನಾವು ಅತ್ವಿ, ಟೀವಿ ಆಫ್ ಮಾಡಿದ್ವಿ, ಮಾರನೇ ದಿನ ಯಾರ್ಯಾರನ್ನೋ ಬೈದ್ವಿ, ಅದರ ಮುಂದಿನ ವಾರ "ಈ ಸಲ ಕಪ್ ನಮ್ದೇ" ಅಂತ ಮತ್ತೆ ಶುರು. ಆ ಪ್ರೀತಿ ಬಗ್ಗೆ ನಂಗೆ ಹೆಮ್ಮೆ ಇದೆ, ಇಲ್ಲಿನೋರಿಗೆ ಅದನ್ನ ವಿವರಿಸೋಕಾಗಲ್ಲ, 2009, 2011, 2016 ಮೂರು ಫೈನಲ್ ಸೋತ ಟೀಮಿಗೆ ಸ್ಟೇಡಿಯಂ ಹಂಗೇ ತುಂಬುತ್ತೆ ಅಂದ್ರೆ ನಂಬಲ್ಲ. ಆದ್ರೆ ಪ್ರೀತಿ ಇದೆ ಅಂತ ಲೆಕ್ಕ ಕೇಳೋದನ್ನ ಬಿಟ್ಟಿದೀವಿ ಅನ್ನೋದೂ ನಿಜ. 2023ರ ಮಾರ್ಚ್‌ನಲ್ಲಿ ಕರ್ನಾಟಕ ಸಂತೋಷ್ ಟ್ರೋಫಿ, ಅಂದ್ರೆ ರಾಜ್ಯಗಳ ನಡುವಿನ ಕಾಲ್ಚೆಂಡಿನ ಕಪ್ಪು, ಗೆಲ್ತು, ರಿಯಾದ್‌ನಲ್ಲಿ, ಮೇಘಾಲಯ ಮೇಲೆ 3-2. ಹಿಂದೆ ಗೆದ್ದಿದ್ದು ಮೈಸೂರು ರಾಜ್ಯ ಅನ್ನೋ ಹೆಸರಿತ್ತಲ್ಲ, ಆಗ, ಅದಕ್ಕೆ 54 ವರ್ಷ ಮುಂಚೆ. ಗೆದ್ದ ಖುಷಿ ಎಲ್ಲಾ ಸರಿ, ನಡುವಿನ 54 ವರ್ಷ ಏನಾಯ್ತು ಅಂತ ಯಾರಾದ್ರೂ ಕೂತು ಜನಕ್ಕೆ ಹೇಳಿದ್ದು ನಾನಂತೂ ಕೇಳಿಲ್ಲ.

ಹಂಗಂತ ಇಲ್ಲಿನದೆಲ್ಲ ನ್ಯಾಯ ಅಂತ ಅಲ್ಲ. ಮ್ಯಾಚಾಗಿ ಮೂರೇ ದಿನಕ್ಕೆ ಡಿಫೆನ್ಸ್ ನೋಡ್ಕೋತಿದ್ದ ಕೋಚ್ ಸ್ಟೀವ್ ವಿಲ್ಕ್ಸ್‌ನ ಕೆಲಸದಿಂದ ತೆಗೆದ್ರು. ಬಂದು ಒಂದೇ ಸೀಸನ್ ಆಗಿತ್ತು. ಮಹೋಮ್ಸ್ ಇರೋ ಟೀಮನ್ನ ನಾಲ್ಕು ಕ್ವಾರ್ಟರಲ್ಲಿ 19ಕ್ಕೆ ನಿಲ್ಸಿದ ಡಿಫೆನ್ಸ್ ಅದು, ಟಾಸಿನ ತೀರ್ಮಾನವೂ ಅವರದಲ್ಲ. ಮನೆ ಯಜಮಾನನ ತಪ್ಪಿಗೆ ಜೀತದಾಳಿಗೆ ಏಟು ಬಿದ್ದಂಗೆ ಅನ್ನಿಸ್ತು ನಂಗೆ. ಶಾನಹ್ಯಾನ್ ಬಗ್ಗೆ ನಂಗೆ ಗೌರವ ಇದೆ, ಆದ್ರೆ 2017ರಲ್ಲಿ ಅಟ್ಲಾಂಟಾದವರು 28-3 ಮುಂದಿದ್ದು ಸೋತಾಗ ಅವರ ಆಫೆನ್ಸ್ ನಡೆಸ್ತಿದ್ದೋರೂ ಇವರೇ. ಮೂರು ಸೂಪರ್ ಬೌಲು, ಮೂರರಲ್ಲೂ ಹತ್ತು ಅಥವಾ ಅದಕ್ಕಿಂತ ಹೆಚ್ಚು ಮುಂದಿದ್ದು ಸೋಲು. ಲೆಕ್ಕ ಒಪ್ಪಿಸ್ಬೇಕಾದ ಮೊದಲ ಹೆಸರು ಯಾವ್ದು ಅಂತ ಟೀಮಿಗೂ ಗೊತ್ತು.

ಅದೇ 14ನೇ ತಾರೀಖು ಕ್ಯಾನ್ಸಸ್ ಸಿಟೀಲಿ ಗೆಲುವಿನ ಮೆರವಣಿಗೆ ಮುಗಿಯೋ ಹೊತ್ತಿಗೆ ಗುಂಡು ಹಾರ್ತು, ಒಬ್ಬ ತಾಯಿ ಸತ್ತೋದ್ರು, 20ಕ್ಕೂ ಹೆಚ್ಚು ಜನಕ್ಕೆ ಗಾಯ, ಅದರಲ್ಲಿ ಮಕ್ಕಳೇ ಬಹಳ. ಅವತ್ತು ಗೆದ್ದೋರ ಮೇಲಿದ್ದ ಹೊಟ್ಟೆಯುರಿ ಎಲ್ಲಾ ಇಳಿದೋಯ್ತು, ಮಕ್ಕಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಸುಮ್ನೆ ಕೂತಿದ್ದೆ.

ಈ ಲೀಗಿನ ಒಂದು ರೀತಿ ನಂಗೆ ಈಗಲೂ ಆಶ್ಚರ್ಯ. ಅಮೆರಿಕಾ ಅಂದ್ರೆ ದುಡ್ಡಿದ್ದೋನದೇ ದೊಡ್ಡಸ್ತಿಕೆ ಅಂತ ನಾವು ಅಂದ್ಕೊಂಡು ಬರ್ತೀವಿ. ಆದ್ರೆ ಇಲ್ಲಿ ರಾಷ್ಟ್ರೀಯ ಟೀವಿ ದುಡ್ಡು 32 ಟೀಮಿಗೂ ಸಮಪಾಲು. ಏಪ್ರಿಲ್ ಡ್ರಾಫ್ಟ್‌ನಲ್ಲಿ ಕಾಲೇಜಿನಿಂದ ಬರೋ ಹುಡುಗರನ್ನ ಆರಿಸ್ಕೊಳ್ಳೋ ಮೊದಲ ಸರದಿ ಎಲ್ಲಕ್ಕಿಂತ ಕೆಟ್ಟದಾಗಿ ಆಡಿದ ಟೀಮಿಂದು, 2024ಕ್ಕೆ ಗೆದ್ದ ಚೀಫ್ಸ್ 32ನೇದು, ನಾವು 31. ಪಂಕ್ತೀಲಿ ಬಡವಾಗಿ ಕೂತೋನ ಎಲೆಗೆ ಮೊದಲು ಬಡಿಸ್ದಂಗೆ. ಸಂಬಳಕ್ಕೂ ಮಿತಿ, 2024ಕ್ಕೆ ಒಂದು ಟೀಮಿಗೆ 25.54 ಕೋಟಿ ಡಾಲರ್ ಅಂತ ಮೊನ್ನೆ ಹೇಳಿದ್ರು. ಐಪಿಎಲ್‌ನಲ್ಲೂ ಮಿತಿ ಇದೆ, ಆದ್ರೆ ಕೆಲವು ವರ್ಷಕ್ಕೊಂದು ಸಲ ಮೆಗಾ ಹರಾಜು ಅಂತ ಟೀಮನ್ನೇ ಬಿಚ್ಚಿ ಹಾಕ್ತಾರೆ. ಎಂಟು ವರ್ಷ ನಮ್ಮ ಜೊತೆ ಇದ್ದ ಚಾಹಲ್ 2022ರಲ್ಲಿ ರಾಜಸ್ಥಾನಕ್ಕೆ ಹೋದ್ರಲ್ಲ, ನಂಗಿನ್ನೂ ಒಪ್ಪಿಗೆ ಇಲ್ಲ.

ಈಗ ನಮ್ಮ ಟೀಮಿನ ಹೊಲ. ಬ್ರಾಕ್ ಪರ್ಡಿ 2022ರ ಡ್ರಾಫ್ಟ್‌ನಲ್ಲಿ ಕಟ್ಟಕಡೆಗೆ, 262ನೇಯವನಾಗಿ ಬಂದ ಹುಡುಗ. ಕೊನೇಲಿ ಬಂದಿದ್ದಕ್ಕೆ 2024ರಲ್ಲೂ ಸಂಬಳ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಒಳಗೆ. ಮಹೋಮ್ಸ್ ಒಪ್ಪಂದ ಹತ್ತು ವರ್ಷಕ್ಕೆ 45 ಕೋಟಿ ಡಾಲರ್. ಮೂರು ಸೀಸನ್ ಮುಗಿಯೋ ತನಕ ಪರ್ಡಿಗೆ ಹೊಸ ಒಪ್ಪಂದ ಮಾಡೋಕೆ ರೂಲೇ ಬಿಡಲ್ಲ, ಅಂದ್ರೆ ಕ್ವಾರ್ಟರ್‌ಬ್ಯಾಕ್‌ಗೆ ಹೆಚ್ಚು ಕೊಡ್ದೆ ಮಿಕ್ಕೋರಿಗೆ ಖರ್ಚು ಮಾಡೋಕೆ 2024ರ ಒಂದೇ ಬೆಳೆ ಬಾಕಿ. ಚೆಂಡು ಹಿಡಿಯೋ ಬ್ರ್ಯಾಂಡನ್ ಆಯುಕ್‌ನ ಬಿಡಬಾರ್ದು, ಬೇಗ ಕೂತು ಮಾತಾಡಿ ಮುಗಿಸ್ಲಿ, ಮನೆ ಮಗನ ಜೊತೆ ಚೌಕಾಸಿ ಎಳೆದಷ್ಟೂ ಮನಸ್ಸು ಒಡೆಯುತ್ತೆ. 31ನೇ ಸರದೀಲಿ ಪರ್ಡಿ ಮುಂದೆ ನಿಂತು ತಡೆಯೋಕೆ ಒಬ್ಬ ಗಟ್ಟಿಯಾದ ಆಳು ಬೇಕು, ಹೆಸರು ಮಾಡೋ ಆಟಗಾರ ಅಲ್ಲ, ಭಾರ ಹೊರೋನು. ಗ್ರೀನ್‌ಲಾ ವಾಪಸ್ ಬರೋಕೆ ತಿಂಗಳುಗಟ್ಟಲೆ ಬೇಕು, ಆ ಜಾಗಕ್ಕೂ ಒಬ್ರನ್ನ ನೋಡ್ಬೇಕು, ಅವನನ್ನ ಮರೀದೆ. ಇನ್ನ ಜುಲೈ ಕ್ಯಾಂಪಿನಲ್ಲಿ ಒಂದು ದಿನ, ಒಂದೇ ಒಂದು ದಿನ, ಎಲ್ಲಾರ್ನೂ ಕೂರಿಸಿ ಓವರ್‌ಟೈಮ್ ರೂಲ್ ಬಾಯಿಪಾಠ ಮಾಡಿಸ್ಲಿ, ಅಪ್ಪ ಬಸ್ಸಲ್ಲಿ ಮಾಡಿಸ್ತಿದ್ದಂಗೆ.

ಮೊನ್ನೆ ಶನಿವಾರ ಬೆಳಗಿನ ಜಾವ ಆರಕ್ಕೆ ಮಗಳನ್ನ ಎಬ್ಬಿಸ್ದೆ, ಚಿನ್ನಸ್ವಾಮೀಲಿ ನಮ್ಮ ಆರ್‌ಸಿಬಿ ಹೆಣ್ಮಕ್ಕಳ ಈ ಸೀಸನ್ನಿನ ಮೊದಲ ಮ್ಯಾಚು, ಯುಪಿ ವಾರಿಯರ್ಸ್ ಎದುರು. ಶೋಭನಾ ಆಶಾ ಐದು ವಿಕೆಟ್ ತೆಗೆದ್ರು, ಆದ್ರೂ ಕೊನೇ ಓವರ್ ತನಕ ಎಳೀತು, ಎರಡೇ ರನ್ನಿಂದ ಗೆದ್ವಿ. ಗೆಲ್ಲೋಕೆ ಸ್ವಲ್ಪ ಮುಂಚೆ, ಕಂಬಳಿ ಹೊದ್ಕೊಂಡು ಕೂತಿದ್ದೋಳು ನನ್ನ ತೋಳು ಹಿಡ್ದು ಕೇಳಿದ್ಲು, "ಅಪ್ಪಾ, ಟೈ ಆದ್ರೆ ಸೂಪರ್ ಓವರ್‌ನಲ್ಲಿ ಮೊದಲು ಯಾರು ಬ್ಯಾಟ್ ಮಾಡ್ಬೇಕು?"

ಈಗ ಎರಡನೇದಾಗಿ ಆಡ್ತಿರೋರೇ ಮೊದಲು ಬ್ಯಾಟ್ ಮಾಡ್ತಾರೆ ಮಗಳೇ, ಅಂದೆ. "ಅದು ಕ್ಯಾಪ್ಟನ್ ಸ್ಮೃತಿಗೆ ಗೊತ್ತಿರುತ್ತಲ್ವಾ?" ಅಂದ್ಲು.