ಆನೆಗೆ ಸಿಗ್ನಲ್, ನಮಗೆ ಸೆಮಿನಾರ್

ಕೊಡಗಿನಲ್ಲಿ ಮೊದಲು ಡಿಜಿಟಲ್ ಆಗಿದ್ದು ಆನೆ. ತೋಟಗಳಲ್ಲಿ ಓಡಾಡುವ ಕೆಲವು ಆನೆಗಳ ಕೊರಳಿಗೆ ಅರಣ್ಯ ಇಲಾಖೆ ರೇಡಿಯೋ ಕಾಲರ್ ಕಟ್ಟಿದೆ. ಆನೆ ಎಲ್ಲಿದೆ ಅಂತ ಜಿಪಿಎಸ್ ಹೇಳುತ್ತದೆ. ಅದೇ ತೋಟದ ಮಾಲೀಕರಿಗೆ ಒಂದು ಒಟಿಪಿ ಬರಬೇಕಾದರೆ ಗೇಟಿನ ತನಕ ನಡೆದು, ಕಲ್ಲು ಹತ್ತಿ, ಕೈ ಮೇಲೆತ್ತಿ ನಿಲ್ಲಬೇಕು. ಮಳೆಗಾಲದಲ್ಲಿ ಅದೂ ಇಲ್ಲ. ಮರ ಬಿದ್ದು ಕರೆಂಟ್ ಹೋಯಿತು ಅಂದರೆ, ಟವರಿಗೆ ಡೀಸೆಲ್ ಬರುವ ತನಕ ನಾವೆಲ್ಲ ವ್ಯಾಪ್ತಿ ಪ್ರದೇಶದ ಹೊರಗೆ.

ಚಿಂತೆ ಬೇಡ, ಸ್ಟಾರ್ಟಪ್ ಇಕೋಸಿಸ್ಟಂ, ಅಂದರೆ ಹೊಸ ಕಂಪನಿಗಳು ಹುಟ್ಟಿ ಬೆಳೆಯುವ ವಾತಾವರಣ, ಬರುತ್ತಿದೆ. ಅದನ್ನು ಕಟ್ಟುವ ಸಭೆ ಯಾವಾಗಲೂ ರೆಸಾರ್ಟಿನಲ್ಲೇ ನಡೆಯುತ್ತದೆ, ಅಲ್ಲಿ ಜನರೇಟರ್ ಇದೆಯಲ್ಲ. ಬೆಂಗಳೂರಿನವರು ಶುಕ್ರವಾರ ಪಿಪಿಟಿ ತೋರಿಸುತ್ತಾರೆ. ಶನಿವಾರ ಅಬ್ಬಿ ಜಲಪಾತ. ಭಾನುವಾರ ಕುಶಾಲನಗರದ ಟ್ರಾಫಿಕ್ಕಿನಲ್ಲಿ ಕೂತು ಕೊಡಗಿನ ಉಜ್ವಲ ಭವಿಷ್ಯದ ಬಗ್ಗೆ ಪೋಸ್ಟ್.

ಪಿಪಿಟಿಯಲ್ಲಿ ಅಮೆರಿಕದ ಪ್ರೊಫೆಸರ್ ಡೇನಿಯಲ್ ಐಸೆನ್‌ಬರ್ಗ್ ಹೇಳಿದ ಇಕೋಸಿಸ್ಟಂನ ಆರು ಅಂಗಗಳು ಇದ್ದೇ ಇರುತ್ತವೆ: ನೀತಿ, ಬಂಡವಾಳ, ಸಂಸ್ಕೃತಿ, ನೆರವು, ನುರಿತ ಜನ, ಮಾರುಕಟ್ಟೆ. ತಪ್ಪೇನಿಲ್ಲ. ಊರಲ್ಲೇ ಕಲಿತವರು, ಊರಲ್ಲೇ ದುಡ್ಡು ಹಾಕುವವರು, ಮೊದಲ ಗಿರಾಕಿಯಾಗಿ ಊರಿನದೇ ಕಾರ್ಖಾನೆ, ಇಷ್ಟು ಒಂದು ಕಡೆ ಸೇರಿದರೆ ಹಳೇ ಉದ್ಯಮವೂ ಹೊಸ ಸಾಫ್ಟ್‌ವೇರ್ ಕಲಿಯುತ್ತದೆ. ಸಿಲಿಕಾನ್ ವ್ಯಾಲಿಯ ನಕಲು ಮಾಡಬೇಡಿ ಅಂತಲೂ ಆ ಮಹಾಶಯರು 2010ರಲ್ಲೇ ಹೇಳಿದ್ದರು. ಆ ಸ್ಲೈಡು ಮಾತ್ರ ಘಾಟಿ ಹತ್ತುವಾಗ ಎಲ್ಲೋ ಬಿದ್ದುಹೋಗಿರುತ್ತದೆ. ಮುಂದಿನ ಸ್ಲೈಡಿನಲ್ಲಿ ದಪ್ಪ ಅಕ್ಷರ: 'ಕಾಫಿ ವ್ಯಾಲಿ'.

ಕಾಫಿಯ ವಿಷಯಕ್ಕೇ ಬರೋಣ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಈ ಪುಟ್ಟ ಜಿಲ್ಲೆಯದು. ಬೆಳೆಗಾರರು ಬೆಳಿಗ್ಗೆ ಎದ್ದು ವಾಟ್ಸಾಪ್‌ನಲ್ಲಿ ನೋಡುವುದು ರೊಬಸ್ಟಾ ಕಾಫಿಯ ಲಂಡನ್ ರೇಟು. ಆಮೇಲೆ ಬೇಕಾದರೆ ದೇವರ ಪಟ. ಬೀಜದ ಬಣ್ಣ ನೋಡಿ ಬೇರೆ ಮಾಡುವ ಮೆಷಿನ್, ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗಳಿಗೆ ಯಾವತ್ತೋ ಬಂದಿದೆ. ಅದಕ್ಕೆ ಯಾವ ಸಮಾವೇಶವೂ ಬೇಕಾಗಲಿಲ್ಲ.

2019ರಲ್ಲಿ ಕಾಫಿ ಮಂಡಳಿಯ ಬ್ಲಾಕ್‌ಚೈನ್ ಮಾರುಕಟ್ಟೆಗೂ ಚಾಲನೆ ಸಿಕ್ಕಿತು. ಬ್ಲಾಕ್‌ಚೈನ್ ಅಂದರೆ ಬರೆದದ್ದನ್ನು ಸುಲಭಕ್ಕೆ ತಿದ್ದಲಾಗದ, ಎಲ್ಲರೂ ಹಂಚಿಕೊಳ್ಳುವ ಡಿಜಿಟಲ್ ಲೆಕ್ಕದ ಪುಸ್ತಕ. ನಡುವೆ ಯಾರೂ ಇಲ್ಲದೆ ನೇರವಾಗಿ ಮಾರಬಹುದು ಅಂದರು. ನಮ್ಮ ಕಡೆ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಮೂಟೆ ಈಗಲೂ ಹತ್ತುವುದು ಪರಿಚಯದ ವ್ಯಾಪಾರಿಯ ಪಿಕಪ್ಪಿಗೇ. ಮಗಳ ಮದುವೆ ಅಂದರೆ ಅವರು ಮುಂಗಡ ಕೊಡುತ್ತಾರೆ. ಬ್ಲಾಕ್‌ಚೈನ್ ಕೊಡುತ್ತಾ?

ಈಗ ಯುರೋಪಿನ ಕಾನೂನು ಬೇರೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅವರಿಗೆ ಬೇಡ. ಹಾಗಾಗಿ ತೋಟದ ಅಕ್ಷಾಂಶ, ರೇಖಾಂಶ ಕೊಡಬೇಕು. ಜಾರಿಯ ದಿನ ಮುಂದೆ ಮುಂದೆ ಹೋಗುತ್ತಿದೆ, ಅಷ್ಟರ ಮಟ್ಟಿಗೆ ಅವರೂ ನಮ್ಮವರೇ. ಮೊಬೈಲಿನಲ್ಲಿ ತೋಟ ಎಲ್ಲಿದೆ ಅಂತ ತೋರಿಸುವುದು ಸುಲಭ. ಯಾರದ್ದು ಅಂತ ತೋರಿಸುವುದು ಕಷ್ಟ. ಪಹಣಿಯಲ್ಲಿ ಮುತ್ತಜ್ಜನ ಹೆಸರಿದೆ. ಮುತ್ತಜ್ಜ ಆಧಾರ್ ಮಾಡಿಸದೆ ತೀರಿಕೊಂಡರು.

ಈ ಗಂಟು ಬಿಡಿಸುವವನು ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿ ಹುಡುಗ. "ಅಂಕಲ್, ಫೋನ್ ಇಲ್ಲಿ ಕೊಡಿ" ಅನ್ನುತ್ತಾನೆ. ಪಾಸ್‌ವರ್ಡ್ ಅವನಿಗೇ ಗೊತ್ತು, ನಮಗೆ ಗೊತ್ತಿಲ್ಲ. ಸರ್ವರ್ ಯಾವಾಗ ಏಳುತ್ತದೆ, ಯಾವ ಫೋಟೋ ಎಷ್ಟು ಕೆಬಿಗೆ ಇಳಿಸಬೇಕು, ಎಲ್ಲ ಬಾಯಿಪಾಠ. ಬ್ಯಾಟರಿ ಅವನದೇ, ಇನ್ವರ್ಟರ್ ಅವನದೇ, ಸಾಲವೂ ಅವನದೇ. ಅರ್ಧ ತಾಲ್ಲೂಕಿನ ಡಿಜಿಟಲ್ ಬದಲಾವಣೆ ಒಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಡೆಯುತ್ತಿದೆ. ಐಸೆನ್‌ಬರ್ಗ್ ಬಂದು ನೋಡಿದ್ದರೆ ಆರೂ ಅಂಗ ಇವನೊಬ್ಬನಲ್ಲೇ ಎಣಿಸಿಬಿಡುತ್ತಿದ್ದರು.

ಸರ್ಕಾರ ಸುಮ್ನೆ ಕೂತಿದೆ ಅನ್ನಬೇಡಿ. ಬೆಂಗಳೂರಿನಾಚೆಗೆ ಅಂತ ಯೋಜನೆ ಇದೆ. ಮೈಸೂರು ಒಂದು ಕ್ಲಸ್ಟರ್, ಅಂದರೆ ಕಂಪನಿಗಳನ್ನು ಒಟ್ಟುಗೂಡಿಸುವ ಕೇಂದ್ರ, ಮಂಗಳೂರು ಇನ್ನೊಂದು. ನಾವು ಎರಡರ ಮಧ್ಯೆ ಸರಿಯಾಗಿ ಕೂತಿದ್ದೇವೆ, ಕಾಫಿ ಕುಡಿಸಿ ಕಳಿಸುವ ಜಾಗದಲ್ಲಿ. ರೈಲಂತೂ ಇಲ್ಲ, ಹೂಡಿಕೆದಾರರು ತಪ್ಪಿ ಇಳಿಯೋಣ ಅಂದರೂ ಸ್ಟೇಷನ್ ಇಲ್ಲ.

ಸ್ಥಳೀಯ ಪ್ರತಿಭೆಯನ್ನು ಕಡೆಗಣಿಸುತ್ತಾರೆ ಅನ್ನುವ ದೂರೂ ಸುಳ್ಳು. ಸಮಾವೇಶಕ್ಕೆ ಜೆರಾಕ್ಸ್ ಹುಡುಗನಿಗೂ ಫೋನ್ ಹೋಗುತ್ತದೆ. ಬ್ಯಾನರ್ ಮತ್ತು ಸರ್ಟಿಫಿಕೇಟ್ ಪ್ರಿಂಟ್ ಹಾಕಿ ಬೆಳಿಗ್ಗೆ ಒಂಬತ್ತರೊಳಗೆ ತಲುಪಿಸಬೇಕು ಅಂತ. ಬಿಲ್ ಕೇಳಿದರೆ ಫೈಲು ಮೂವ್ ಆಗಿದೆ ಅನ್ನುತ್ತಾರೆ. ಅವನೂ ಈಗ ಮುಂಗಡ ಇಲ್ಲದೆ ಮೆಷಿನ್ ಆನ್ ಮಾಡುವುದಿಲ್ಲವಂತೆ.